ಹಳೆಯ ಡಾಡ್ಜ್ ಮ್ಯಾಗ್ನಂ ವ್ಯಾಗನ್ ತಗೊಳ್ಳಬಹುದಾ? ತಿಳಿದವರು ದಯವಿಟ್ಟು ಹೇಳಿ

ಬೆಣ್ಣೆದೋಸೆ_ಲ್ಯಾನ್ಸಿಂಗ್:
ಎಲ್ಲರಿಗೂ ನಮಸ್ಕಾರ. ನಾವು ಅಮೆರಿಕದ ಮಿಷಿಗನ್‌ನ ಲ್ಯಾನ್ಸಿಂಗ್‌ನಲ್ಲಿದ್ದೇವೆ. ಬೇಸಿಗೆಗೆ ಅಪ್ಪ ಅಮ್ಮ ದಾವಣಗೆರೆಯಿಂದ ಬರುತ್ತಿದ್ದಾರೆ. ನಾವಿಬ್ಬರು, ಮಗಳು, ಅವರಿಬ್ಬರು, ಒಟ್ಟು ಐದು ಜನ. ಅಮ್ಮನಿಗೆ ಮಂಡಿ ನೋವು ಜಾಸ್ತಿ. ಎಸ್‌ಯುವಿ ಹತ್ತೋದು ಕಷ್ಟ. ಈಗಿರುವ ಸಣ್ಣ ಸೆಡಾನ್‌ನಲ್ಲಿ ಐದು ಜನ ಕೂತರೆ ಡಿಕ್ಕಿಗೆ ಎರಡು ಸೂಟ್‌ಕೇಸ್ ಹಿಡಿಯಲ್ಲ. ಅದಕ್ಕೇ ಸ್ಟೇಷನ್ ವ್ಯಾಗನ್ ನೋಡುತ್ತಿದ್ದೇನೆ. ಕಾರಿನಷ್ಟೇ ಎತ್ತರ, ಹಿಂದೆ ಬೇಕಾದಷ್ಟು ಜಾಗ.

ಬಜೆಟ್ 6,500 ಡಾಲರ್. ಹತ್ತಿರದಲ್ಲೇ 2006ರ ಡಾಡ್ಜ್ ಮ್ಯಾಗ್ನಂ ಒಂದಿದೆ. 3.5 ಲೀಟರ್ ವಿ6 ಇಂಜಿನ್, ಆಲ್ ವೀಲ್ ಡ್ರೈವ್ (ನಾಲ್ಕೂ ಚಕ್ರ ಎಳೆಯುವಂಥದ್ದು), 1,38,000 ಮೈಲಿ. 5,500 ಹೇಳುತ್ತಿದ್ದಾರೆ. ನೋಡೋಕೆ ಚೆನ್ನಾಗಿದೆ. ಆದರೆ ಆಫೀಸಿನಲ್ಲಿ ಯಾರನ್ನು ಕೇಳಿದರೂ "ಹಳೇ ಅಮೆರಿಕನ್ ಗಾಡಿನಾ? ಬೇಡಪ್ಪ" ಅಂತಾರೆ. ಯಾಕೆ ಬೇಡ ಅಂದರೆ ಸರಿಯಾದ ಕಾರಣ ಯಾರೂ ಹೇಳಲ್ಲ. ಇಲ್ಲಿ ಗಾಡಿ ಗೊತ್ತಿರುವವರು ಇದ್ದೀರಿ, ಹೇಳಿ.

ಮಂಡ್ಯ_ಮೈಲೇಜ್:
ಸರ್, ಸುಮ್ನೆ ಒಂದು ಟೊಯೋಟಾ ಸಿಯೆನ್ನಾ ತಗೊಳ್ಳಿ. ಜಾರುವ ಬಾಗಿಲು, ತಗ್ಗಿನ ಮೆಟ್ಟಿಲು, ಅಮ್ಮನಿಗೂ ಸುಲಭ. ಅದೂ ಅಮೆರಿಕದಲ್ಲೇ, ಇಂಡಿಯಾನಾದಲ್ಲಿ ತಯಾರಾಗೋದು. ತಲೆನೋವೇ ಇರಲ್ಲ.

ಬೆಣ್ಣೆದೋಸೆ_ಲ್ಯಾನ್ಸಿಂಗ್:
ನೋಡಿದೆ ಸರ್. ನನ್ನ ದುಡ್ಡಿಗೆ ಸಿಗುವ ಸಿಯೆನ್ನಾಗಳು ಎರಡು ಲಕ್ಷ ಮೈಲಿ ದಾಟಿವೆ. ಹೆಸರಿಗೆ ಜಾಸ್ತಿ ದುಡ್ಡು ಕೊಟ್ಟು ಸವೆದ ಗಾಡಿ ತರೋದು ಸರಿ ಅನ್ನಿಸಲಿಲ್ಲ.

ಗ್ಯಾರೇಜ್_ಅಣ್ಣ:
ನಾನು ಡೆಟ್ರಾಯಿಟ್ ಪಕ್ಕದಲ್ಲಿದ್ದೇನೆ. ಗಾಡಿ ಬಿಡಿಭಾಗಗಳ ಕೆಲಸದಲ್ಲೇ ಇರೋದು. ಮೊದಲು ಒಂದು ಮಾತು. "ಅಮೆರಿಕನ್ ಗಾಡಿ ಕೆಡುತ್ತೆ" ಅನ್ನೋದು ಯಾವ ಉಪಯೋಗಕ್ಕೂ ಬಾರದ ಸಲಹೆ. ಒಂದೇ ಮ್ಯಾಗ್ನಂನಲ್ಲಿ ನಾಲ್ಕು ಥರದ ಇಂಜಿನ್ ಬಂದಿವೆ. ಅದರಲ್ಲಿ ಒಂದರ ಹತ್ತಿರವೂ ಹೋಗಬಾರದು, ಇನ್ನೊಂದನ್ನು ಧೈರ್ಯವಾಗಿ ತಗೊಳ್ಳಬಹುದು. ಹಾಗಾಗಿ ಕಂಪನಿ ಹೆಸರು ಬಿಡಿ, ಇಂಜಿನ್ ಯಾವುದು ನೋಡಿ.

ಮ್ಯಾಗ್ನಂ ಬಂದಿದ್ದು 2005ರಿಂದ 2008ರವರೆಗೆ ಮಾತ್ರ. ಕೆನಡಾದ ಬ್ರ್ಯಾಂಪ್ಟನ್‌ನಲ್ಲಿ ತಯಾರಾಗುತ್ತಿತ್ತು. ಆಗ ಮರ್ಸಿಡಿಸ್‌ನ ಒಡೆಯ ಡೈಮ್ಲರ್ ಮತ್ತು ಡಾಡ್ಜ್‌ನ ಒಡೆಯ ಕ್ರೈಸ್ಲರ್ ಒಂದೇ ಕಂಪನಿ. ಅದಕ್ಕೇ ಇದರ ಐದು ಗೇರಿನ ಆಟೋಮ್ಯಾಟಿಕ್ ಬಾಕ್ಸ್ ಮರ್ಸಿಡಿಸ್ ವಿನ್ಯಾಸದ್ದು.

2.7 ಲೀಟರ್ ವಿ6 ಇದ್ದರೆ ಅಲ್ಲೇ ತಿರುಗಿ ಬನ್ನಿ. ಅದರ ವಾಟರ್ ಪಂಪ್ ಇಂಜಿನ್ ಒಳಗಡೆ, ಟೈಮಿಂಗ್ ಚೈನ್ (ಇಂಜಿನ್ ಭಾಗಗಳನ್ನು ತಾಳ ತಪ್ಪದ ಹಾಗೆ ತಿರುಗಿಸುವ ಸರಪಳಿ) ಅದನ್ನು ತಿರುಗಿಸುವ ಜಾಗದಲ್ಲಿದೆ. ಪಂಪ್ ಸೋರಿದರೆ ಕೂಲಂಟ್ (ಇಂಜಿನ್ ತಣ್ಣಗಿಡುವ ದ್ರವ) ಹೊರಗೆ ಬೀಳುವ ಬದಲು ಆಯಿಲ್ ಜೊತೆ ಸೇರುವ ಸಾಧ್ಯತೆ ಇದೆ. ಆಯಿಲ್ ಹೋಗುವ ದಾರಿಗಳೂ ಕಿರಿದು. ಆಯಿಲ್ ಬದಲಿಸೋದು ತಡವಾದರೆ ಅದು ಹಳೇ ಬೆಲ್ಲದ ಪಾಕದ ಹಾಗೆ ಗಟ್ಟಿಯಾಗಿ ಕೂರುತ್ತೆ. ಆಮೇಲೆ ಬೇರಿಂಗ್ ಹೋಗುತ್ತೆ, ಇಂಜಿನ್ ಹೋಗುತ್ತೆ.

ನೀವು ಹೇಳಿದ 3.5 ಬೇರೆ ಜಾತಿ. 250 ಹಾರ್ಸ್‌ಪವರ್, ಗಟ್ಟಿ ಇಂಜಿನ್. ಅದಕ್ಕೆ ಚೈನ್ ಬದಲು ಟೈಮಿಂಗ್ ಬೆಲ್ಟ್ ಇದೆ, ಆ ಬೆಲ್ಟೇ ವಾಟರ್ ಪಂಪನ್ನೂ ತಿರುಗಿಸುತ್ತೆ. ಸುಮಾರು ಒಂದು ಲಕ್ಷ ಮೈಲಿಗೆ ಬೆಲ್ಟ್, ಅದನ್ನು ಬಿಗಿಯಾಗಿಡುವ ಟೆನ್ಷನರ್, ಪಂಪ್ ಮೂರೂ ಒಟ್ಟಿಗೆ ಬದಲಾಗಿರಬೇಕು. ನೀವು ನೋಡಿರೋ ಗಾಡಿ 1,38,000 ಓಡಿದೆ. ಬದಲಿಸಿದ ಬಿಲ್ ಇದೆಯಾ?

ಬೆಣ್ಣೆದೋಸೆ_ಲ್ಯಾನ್ಸಿಂಗ್:
"ಮಾಡಿಸಿದೀನಿ" ಅಂದರು. ಬಿಲ್ ಕಳೆದುಹೋಗಿದೆಯಂತೆ.

ಗ್ಯಾರೇಜ್_ಅಣ್ಣ:
ಬಿಲ್ ಇಲ್ಲ ಅಂದರೆ ಮಾಡಿಸಿಲ್ಲ ಅಂತಲೇ ಲೆಕ್ಕ ಹಾಕಿ ಬೆಲೆ ಮಾತಾಡಿ. ಅವರು ಸುಳ್ಳುಗಾರರು ಅಂತಲ್ಲ. ನಿಮ್ಮ ಗಾಡಿಗೆ ಹೊಸ ಬೆಲ್ಟ್ ಯಾವಾಗ ಹಾಕಿದ್ದು ಅಂತ ನಿಮಗೆ ಗೊತ್ತಿರಲೇಬೇಕು, ಅಷ್ಟೇ.

ಶರಾವತಿ_ಹಿನ್ನೀರು:
ಇನ್ನೂ ದೊಡ್ಡ ವಿಷಯ ಯಾರೂ ಹೇಳಿಲ್ಲ. ಏರ್‌ಬ್ಯಾಗ್! ತಕಾಟಾ ಅನ್ನೋ ಕಂಪನಿಯ ಏರ್‌ಬ್ಯಾಗ್ ರೀಕಾಲ್‌ನಲ್ಲಿ, ಅಂದರೆ ದೋಷ ಇರೋ ಭಾಗ ಬದಲಿಸೋಕೆ ಗಾಡಿ ವಾಪಸ್ ಕರೆದ ಪಟ್ಟಿಯಲ್ಲಿ, ಮ್ಯಾಗ್ನಂ ಇದೆ. 2022ರ ನವೆಂಬರ್‌ನಲ್ಲಿ ಗಾಡಿ ಕಂಪನಿ ಮತ್ತು ಅಮೆರಿಕದ ಹೆದ್ದಾರಿ ಸುರಕ್ಷತಾ ಇಲಾಖೆ ಸೇರಿ ಎಚ್ಚರಿಕೆ ಕೊಟ್ಟರು. 2005ರಿಂದ 2010ರವರೆಗಿನ ಮ್ಯಾಗ್ನಂ, ಚಾರ್ಜರ್, ಚಾಲೆಂಜರ್, ಕ್ರೈಸ್ಲರ್ 300 ಗಾಡಿಗಳಲ್ಲಿ ರೀಕಾಲ್ ಕೆಲಸ ಆಗದೇ ಇದ್ದರೆ ಓಡಿಸಲೇಬೇಡಿ ಅಂತ. ಆಗ ಸುಮಾರು 2 ಲಕ್ಷ 76 ಸಾವಿರ ಗಾಡಿಗಳು ಹಾಗೇ ಉಳಿದಿದ್ದವು.

ಕಾರಣ ಏನಂದರೆ, ಏರ್‌ಬ್ಯಾಗ್ ಉಬ್ಬಿಸುವ ಇನ್‌ಫ್ಲೇಟರ್‌ನಲ್ಲಿ ಅಮೋನಿಯಂ ನೈಟ್ರೇಟ್ ಇರುತ್ತೆ. ವರ್ಷಗಟ್ಟಲೆ ಸೆಖೆ, ತೇವ ಕಂಡರೆ ಅದು ಹಾಳಾಗುತ್ತೆ. ಅಪಘಾತ ಆದಾಗ ಉಬ್ಬುವ ಬದಲು ಲೋಹದ ಡಬ್ಬಿಯೇ ಸಿಡಿದು ಚೂರುಗಳು ಓಡಿಸುವವರ ಮುಖಕ್ಕೆ, ಕುತ್ತಿಗೆಗೆ ಬರುತ್ತವೆ. ಜನ ಸತ್ತಿದ್ದಾರೆ.

ರಿಪೇರಿ ಪೂರ್ತಿ ಉಚಿತ. ಎಷ್ಟನೇ ಮಾಲೀಕರಾದರೂ ಸರಿ. ಸುರಕ್ಷತಾ ಇಲಾಖೆಯ ವೆಬ್‌ಸೈಟಿನಲ್ಲಿ ಗಾಡಿಯ 17 ಅಕ್ಷರದ ವಿನ್ ನಂಬರ್ (ಗಾಡಿಯ ಗುರುತಿನ ಸಂಖ್ಯೆ) ಹಾಕಿ. ಬಾಕಿ ಇದ್ದರೆ ಅಲ್ಲೇ ತೋರಿಸುತ್ತೆ. ಟೆಸ್ಟ್ ಡ್ರೈವ್‌ಗೆ ಹೋಗುವ ಮೊದಲೇ ನೋಡಿ, ಆಮೇಲಲ್ಲ.

ಬೆಣ್ಣೆದೋಸೆ_ಲ್ಯಾನ್ಸಿಂಗ್:
ಮೇಡಂ, ತುಂಬಾ ಥ್ಯಾಂಕ್ಸ್. ಈಗಲೇ ಹಾಕಿ ನೋಡಿದೆ. ಡ್ರೈವರ್ ಕಡೆಯ ಏರ್‌ಬ್ಯಾಗ್ ಬಾಕಿ ಅಂತಲೇ ತೋರಿಸುತ್ತಿದೆ. ಇಷ್ಟು ವರ್ಷ ಯಾರೂ ಮಾಡಿಸಿಯೇ ಇಲ್ಲ!

ಶರಾವತಿ_ಹಿನ್ನೀರು:
ಉಚಿತ ಕೆಲಸವನ್ನೇ ಮಾಡಿಸದವರು ದುಡ್ಡು ಕೊಟ್ಟು ಬೆಲ್ಟ್ ಹಾಕಿಸಿದಾರೆ ಅಂತ ನಂಬೋದು ಹೇಗೆ?

ಸಾಧನಕೇರಿ:
ಇದು ಒಳ್ಳೇ ಮಾತು. ನಾನೂ ಒಂದು ಸೇರಿಸುತ್ತೇನೆ. ಮಿಷಿಗನ್‌ನಲ್ಲಿ ಖಾಸಗಿ ಕಾರಿಗೆ ವರ್ಷ ವರ್ಷ ಸುರಕ್ಷತಾ ತಪಾಸಣೆ ಅನ್ನೋದೇ ಇಲ್ಲ. ಪೆನ್ಸಿಲ್ವೇನಿಯಾ, ನ್ಯೂಯಾರ್ಕ್‌ನಲ್ಲಿ ಇದೆ. ಅಲ್ಲಿ ತಳ ತುಕ್ಕು ಹಿಡಿದು ತೂತಾಗಿದ್ದರೆ ಗಾಡಿ ಪಾಸ್ ಆಗಲ್ಲ. ಮಿಷಿಗನ್ ಗಾಡಿ ಇಪ್ಪತ್ತು ಚಳಿಗಾಲ ಕಳೆದಿದ್ದರೂ ಕೆಳಗೆ ಯಾರೂ ಇಣುಕಿಯೇ ನೋಡಿರಲ್ಲ. ಇಲ್ಲಿ ರಸ್ತೆಗೆ ಸುರಿಯುವ ಉಪ್ಪು ಗೊತ್ತಲ್ಲ?

ಹಾಗಾಗಿ ಲಿಫ್ಟ್ ಮೇಲೆ ಎತ್ತಿಸದೆ ಒಂದು ಡಾಲರೂ ಕೊಡಬೇಡಿ. ಬಾಗಿಲ ಕೆಳಗಿನ ರಾಕರ್ ಪ್ಯಾನೆಲ್, ಹಿಂದಿನ ಸಬ್‌ಫ್ರೇಮ್ (ಹಿಂದಿನ ಚಕ್ರಗಳನ್ನು ಹಿಡಿದಿಡುವ ಚೌಕಟ್ಟು), ಬ್ರೇಕ್ ಪೈಪುಗಳು, ಜ್ಯಾಕ್ ಇಡುವ ಜಾಗ ನೋಡಿಸಿ. ಮೇಲಿನಿಂದ ಕಾಣುವ ತುಕ್ಕು ಮುಖ್ಯವಲ್ಲ. ಹೊಸದಾಗಿ ಕಪ್ಪು ಬಣ್ಣ ಬಳಿದ ತಳ ಕಂಡರೆ ಇನ್ನೂ ಹುಷಾರಾಗಿರಿ. ಗೀರಿ ನೋಡೋಕೆ ಹೇಳಿ. ಸ್ಕ್ರೂಡ್ರೈವರ್ ತುದಿ ಒತ್ತಿದಾಗ ಪದರ ಪದರವಾಗಿ ಏಳುತ್ತಿದ್ದರೆ ವ್ಯಾಪಾರ ಮುಗೀತು ಅಂದ್ಕೊಳ್ಳಿ.

ಕೋಟೆಬೀದಿ:
ಉಪ್ಪು ಬೇಡ ಅಂದರೆ ದಕ್ಷಿಣದ ಗಾಡಿ ತರಿಸಿ. ಫ್ಲಾರಿಡಾ, ಅಲಬಾಮಾ, ಟೆನೆಸ್ಸಿ. ತಳ ಹೊಸದರ ಹಾಗಿರುತ್ತೆ.

ಶರಾವತಿ_ಹಿನ್ನೀರು:
ತುಕ್ಕಿನ ಮಟ್ಟಿಗೆ ನಿಜ. ಆದರೆ ತಕಾಟಾ ಇನ್‌ಫ್ಲೇಟರ್ ಬೇಗ ಹಾಳಾಗೋದು ಫ್ಲಾರಿಡಾದಂಥ ಬಿಸಿ, ತೇವದ ಜಾಗದಲ್ಲೇ. ಉತ್ತರದಲ್ಲಿ ತಳ ನೋಡಬೇಕು, ದಕ್ಷಿಣದಲ್ಲಿ ಏರ್‌ಬ್ಯಾಗ್. ರೀಕಾಲ್ ಕೆಲಸ ಮುಗಿದ ದಕ್ಷಿಣದ ಗಾಡಿ ಸಿಕ್ಕರೆ ಬಿಡಬೇಡಿ.

ಹಳೇಬೇರು:
ವ್ಯಾಗನ್ ಅಂದರೆ ಬ್ಯೂಕ್ ರೋಡ್‌ಮಾಸ್ಟರ್ ಎಸ್ಟೇಟ್ ಅಲ್ವಾ! ಎರಡೂ ಪಕ್ಕ ಮರದ ಚಿತ್ರ, ಛಾವಣಿಯಲ್ಲಿ ಗಾಜು, ಹಿಂದಕ್ಕೆ ಮುಖ ಮಾಡಿ ಕೂರುವ ಮೂರನೇ ಸೀಟು. 1991ರಿಂದ 96. ಅದರ ಮೇಲೆ ನನಗೆ ಬಹಳ ಪ್ರೀತಿ. 1994ರಿಂದ 5.7 ಲೀಟರಿನ ಎಲ್‌ಟಿ1 ವಿ8 ಬಂತು. 260 ಹಾರ್ಸ್‌ಪವರ್. ಬೇಕಾದಷ್ಟು ದೂರ ಓಡುವ ಇಂಜಿನ್. ಮಗಳಿಗೆ ಆ ಹಿಂದಿನ ಸೀಟು ತುಂಬಾ ಇಷ್ಟ ಆಗುತ್ತೆ.

ಗ್ಯಾರೇಜ್_ಅಣ್ಣ:
ಇಂಜಿನ್ ಒಳ್ಳೇದೇ ಸರ್. ಆದರೆ ಎಲ್‌ಟಿ1ರಲ್ಲಿ ಆಪ್ಟಿಸ್ಪಾರ್ಕ್ ಅನ್ನೋ, ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇಟ್ಟಿರೋದು ವಾಟರ್ ಪಂಪ್ ಕೆಳಗೆ. ಪಂಪ್ ಸೋರಿದರೆ ನೀರು ನೇರವಾಗಿ ಅದರ ಮೇಲೆ. ಮಳೆಯಲ್ಲಿ ಇಂಜಿನ್ ಮುಗ್ಗರಿಸುತ್ತೆ, ಆಮೇಲೆ ನಿಲ್ಲುತ್ತೆ. ಪ್ರೀತಿಯಿಂದ ಇಟ್ಟುಕೊಳ್ಳುವವರಿಗೆ ಸರಿ. ದಿನಾ ಮಗುವನ್ನು ಸ್ಕೂಲಿಗೆ, ಅಮ್ಮನನ್ನು ಡಾಕ್ಟರ್ ಹತ್ತಿರ ಕರ್ಕೊಂಡು ಹೋಗೋಕೆ ಮೂವತ್ತು ವರ್ಷದ ಗಾಡಿ ಬೇಡ. ಹಿಂದಕ್ಕೆ ಮುಖ ಮಾಡಿದ ಆ ಸೀಟಿನಲ್ಲಿ ಮಗುವನ್ನು ಕೂರಿಸೋಕೆ ನಾನಂತೂ ಹೇಳಲ್ಲ. ಹಿಂದಿನಿಂದ ಗುದ್ದಿದರೆ ಮೊದಲು ಪೆಟ್ಟು ಬೀಳೋದೇ ಅಲ್ಲಿ.

ಹಳೇಬೇರು:
ಸರಿ, ಒಪ್ಪಿದೆ. ಇವರಿಗೆ ಬೇಕಿರೋದು ಬೇರೆ ಥರದ ಗಾಡಿ.

ಕೋಟೆಬೀದಿ:
ಕ್ಯಾಡಿಲಾಕ್ ಸಿಟಿಎಸ್ ವ್ಯಾಗನ್ ಹೇಗೆ? ಲ್ಯಾನ್ಸಿಂಗ್‌ನಲ್ಲೇ ತಯಾರಾದದ್ದು, ನಿಮ್ಮೂರಿನ ಗಾಡಿ!

ಗ್ಯಾರೇಜ್_ಅಣ್ಣ:
2010ರಿಂದ 2014ರವರೆಗೆ ಬಂತು. ಚೆಂದದ ಗಾಡಿ. 3.0, 3.6 ವಿ6ಗಳಲ್ಲಿ ಟೈಮಿಂಗ್ ಚೈನ್ ಹಿಗ್ಗುವ ತೊಂದರೆ ಇದೆ, ಅದರಲ್ಲೂ ಆಯಿಲ್ ತಡವಾಗಿ ಬದಲಿಸಿದ ಗಾಡಿಗಳಲ್ಲಿ. ಚೆಕ್ ಇಂಜಿನ್ ದೀಪದ ಜೊತೆ ಪಿ0008 ಅಥವಾ ಪಿ0017 ಅನ್ನೋ ದೋಷದ ಕೋಡ್ ಬಂದರೆ ಅದೇ. ಚೈನ್ ಕೆಲಸಕ್ಕೆ ಇಂಜಿನ್ ಮುಂಭಾಗ ಪೂರ್ತಿ ಬಿಚ್ಚಬೇಕು, ಸಾವಿರಾರು ಡಾಲರ್ ಮಾತು. ಈ ಬಜೆಟ್ಟಿಗೆ ಸಿಗುವ ಸಿಟಿಎಸ್ ಅಂದರೆ ಆ ಕೆಲಸ ಹತ್ತಿರ ಬಂದಿರೋದೇ ಆಗಿರುತ್ತೆ.

ಬಿಳಿಗಿರಿ:
ನಾನು ಓಡಿಸೋದು ಬ್ಯೂಕ್ ರೀಗಲ್ ಟೂರ್‌ಎಕ್ಸ್. 2018ರಿಂದ 2020ರವರೆಗೆ ಮಾತ್ರ ಮಾರಿದರು. ಹಿಂದಿನ ಸೀಟು ಮಡಚಿದರೆ 73.5 ಘನ ಅಡಿ ಜಾಗ. ಸಂಘದ ಯುಗಾದಿ ಊಟದ ಪಾತ್ರೆಗಳೆಲ್ಲ ಒಂದೇ ಸಲಕ್ಕೆ ಸಾಗಿಸಿದ್ದೇನೆ, ಸಾಂಬಾರ್ ಚೆಲ್ಲಲಿಲ್ಲ. 2.0 ಲೀಟರ್ ಟರ್ಬೊ, 250 ಹಾರ್ಸ್‌ಪವರ್.

ಹೆಸರು ಅಮೆರಿಕದ್ದು, ಗಾಡಿ ಜರ್ಮನಿಯ ರುಸೆಲ್ಸ್‌ಹೈಮ್‌ನಲ್ಲಿ ಓಪೆಲ್ ತಯಾರಿಸಿದ್ದು. ವಿನ್ ನಂಬರ್ ಡಬ್ಲ್ಯೂ ಅಕ್ಷರದಿಂದ ಶುರುವಾಗುತ್ತೆ. 2017ರಲ್ಲಿ ಬ್ಯೂಕ್‌ನ ಒಡೆಯ ಜಿಎಂ ಓಪೆಲನ್ನೇ ಪ್ಯೂಜೋ ಕಂಪನಿಗೆ ಮಾರಿಬಿಟ್ಟಿತು. ಹಾಗಾಗಿ ಕೊಳ್ಳುವವರು ಎರಡು ಲೆಕ್ಕ ಇಟ್ಟುಕೊಳ್ಳಬೇಕು. ಇಂಜಿನ್ ಸಾಮಾನಿಗೆ ತೊಂದರೆ ಇಲ್ಲ, ಅದೇ ಇಂಜಿನ್ ಜಿಎಂನ ಮಾಲಿಬು, ಕಮಾರೋ ಗಾಡಿಗಳಲ್ಲೂ ಇದೆ. ಬಾಡಿ ಸಾಮಾನು ಬೇರೆ ಕಥೆ. ಹಿಂದಿನ ದೀಪ, ಗಾಜು, ಬಂಪರ್ ಅಂಥದ್ದು ಒಡೆದರೆ ಕಾಯೋದೇ ಕೆಲಸ. ಇನ್ಶೂರೆನ್ಸ್‌ನವರು ಸಣ್ಣ ಗುದ್ದಿಗೂ ಟೋಟಲ್, ಅಂದರೆ ರಿಪೇರಿ ಮಾಡಿಸೋಕೆ ಲಾಯಕ್ಕಿಲ್ಲ, ಅಂದುಬಿಡಬಹುದು.

ಬೆಣ್ಣೆದೋಸೆ_ಲ್ಯಾನ್ಸಿಂಗ್:
ಟೂರ್‌ಎಕ್ಸ್ ನೋಡಿ ಆಸೆ ಆಯ್ತು, ಆದರೆ ನನ್ನ ದುಡ್ಡಿಗೆ ಎಟುಕಲ್ಲ. ಮ್ಯಾಗ್ನಂಗೂ ಬಿಡಿಭಾಗದ ಕಷ್ಟ ಇದೆಯಾ? ಅದೂ ನಿಂತು ಹೋದ ಗಾಡಿ ತಾನೇ?

ಗ್ಯಾರೇಜ್_ಅಣ್ಣ:
ಇಲ್ಲಿ ಅಮೆರಿಕನ್ ಗಾಡಿಯ ಒಳ್ಳೇ ಗುಣ ಕಾಣೋದು. ಮ್ಯಾಗ್ನಂ ನಿಂತರೂ ಅದರ ಅಣ್ಣತಮ್ಮ ಚಾರ್ಜರ್, ಕ್ರೈಸ್ಲರ್ 300 ಅದೇ ಬುನಾದಿಯ ಮೇಲೆ 2023ರವರೆಗೆ ಬಂದವು. ಸಸ್ಪೆನ್ಷನ್, ಬ್ರೇಕ್, ಇಂಜಿನ್, ಗೇರ್‌ಬಾಕ್ಸ್‌ಗೆ ಬೇಕಾದ್ದು ಯಾವ ಅಂಗಡಿಯಲ್ಲೂ ಸಿಗುತ್ತೆ, ಅಗ್ಗವೂ ಹೌದು. ವ್ಯಾಗನ್‌ಗೆ ಮಾತ್ರ ಸೇರಿದ್ದು, ಅಂದರೆ ಹಿಂಬಾಗಿಲು, ಹಿಂದಿನ ಗಾಜು, ಹಿಂದಿನ ದೀಪ, ಇವಕ್ಕೆ ಗುಜರಿ ಯಾರ್ಡೇ ಗತಿ. ಹಾಗಾಗಿ ಹಿಂಭಾಗ ಗುದ್ದಿಸಿಕೊಂಡಿರುವ ಮ್ಯಾಗ್ನಂ ಎಷ್ಟು ಅಗ್ಗ ಆದರೂ ಬೇಡ.

ನೋಡೋಕೆ ಹೋದಾಗ ಹೀಗೆ ಮಾಡಿ. ಇಂಜಿನ್ ತಣ್ಣಗಿರಬೇಕು. ನೀವು ಬರುವ ಮೊದಲೇ ಸ್ಟಾರ್ಟ್ ಮಾಡಿಟ್ಟಿದ್ದರೆ ಬೇರೆ ದಿನ ಬರ್ತೀನಿ ಅನ್ನಿ. ಆಯಿಲ್ ಹಾಕುವ ಮುಚ್ಚಳ ತೆಗೆದು ಒಳಗೆ ಟಾರ್ಚ್ ಬಿಡಿ. ಕಂದು ಬಣ್ಣ ಇರಬಹುದು, ಕಪ್ಪು ಕೆಸರು ಇರಬಾರದು.

ಹಿಂಬಾಗಿಲು ಎತ್ತಿ. ಇದರ ಹಿಂಜ್ ಛಾವಣಿಯ ಒಳಗೆ ತುಂಬಾ ಮುಂದಕ್ಕೆ ಇದೆ, ಬಾಗಿಲು ತೆಗೆದರೆ ಛಾವಣಿಯ ತುಂಡೇ ಎದ್ದ ಹಾಗೆ ಕಾಣುತ್ತೆ. ಸಾಮಾನು ಇಡೋಕೆ ತುಂಬಾ ಅನುಕೂಲ. ಆದರೆ ಬಾಗಿಲು ಭಾರ. ಅದನ್ನು ಎತ್ತಿ ಹಿಡಿಯುವ ಗ್ಯಾಸ್ ಸ್ಟ್ರಟ್ ಸೋತಿದ್ದರೆ ತಲೆ ಮೇಲೆ ಬೀಳುತ್ತೆ. ಆಮೇಲೆ ನೆಲದ ಹಲಗೆ ಎತ್ತಿ. ಬ್ಯಾಟರಿ ಮುಂದೆ ಇಲ್ಲ, ಅಲ್ಲಿದೆ. ಒಂದು ಫ್ಯೂಸ್ ಬಾಕ್ಸೂ ಹಿಂದೆಯೇ ಇದೆ. ಕೈ ಹಾಕಿ ತೇವ ಇದೆಯಾ ಮುಟ್ಟಿ ನೋಡಿ. ಅಲ್ಲಿ ನೀರು ನಿಂತಿದ್ದರೆ ಎಲೆಕ್ಟ್ರಿಕಲ್ ತೊಂದರೆಗಳಿಗೆ ಕೊನೆಯೇ ಇರಲ್ಲ.

ಐದು ಗೇರಿನ ಬಾಕ್ಸ್‌ಗೆ ಆಯಿಲ್ ನೋಡುವ ಕಡ್ಡಿಯೇ ಇಟ್ಟಿಲ್ಲ. ಕೊಳವೆ ಇದೆ, ಮೇಲೆ ಮುಚ್ಚಳ, ಒಳಗೆ ಏನೂ ಇಲ್ಲ. ಅದಕ್ಕೇ ಎಷ್ಟೋ ಗಾಡಿಗಳಲ್ಲಿ ಆ ಆಯಿಲ್ ಬದಲಾಗಿಯೇ ಇರಲ್ಲ. ಬಾಕ್ಸ್ ಪಕ್ಕದಲ್ಲಿ 13 ಪಿನ್ನಿನ ಕನೆಕ್ಟರ್ ಒಂದಿದೆ. ಅದರ ರಬ್ಬರ್ ರಿಂಗ್ ಸವೆದರೆ ಆಯಿಲ್ ವೈರಿನೊಳಗೇ ಏರಿ ಗೇರ್‌ಬಾಕ್ಸ್ ನಡೆಸುವ ಕಂಪ್ಯೂಟರ್‌ವರೆಗೆ ಹೋಗುತ್ತೆ. ರಿಂಗ್ ಇರುವ ಪ್ಲಗ್ ಅಗ್ಗದ್ದು. ಕಂಪ್ಯೂಟರ್ ಅಗ್ಗದ್ದಲ್ಲ. ಮೆಕ್ಯಾನಿಕ್‌ಗೆ ಈ ಜಾಗ ತೋರಿಸಿಯೇ ನೋಡಿಸಿ.

ಗುಂಡಿ ರಸ್ತೆಯಲ್ಲಿ ನಿಧಾನಕ್ಕೆ ಓಡಿಸಿ. ಮುಂದಿನಿಂದ ಟಕ್ ಟಕ್ ಬಂದರೆ ಟೆನ್ಷನ್ ಸ್ಟ್ರಟ್, ಟೈ ರಾಡ್, ಬಾಲ್ ಜಾಯಿಂಟ್, ಅಂದರೆ ಮುಂದಿನ ಚಕ್ರ ಹಿಡಿಯುವ ಭಾಗಗಳು ಸವೆದಿವೆ ಅಂತ. ಇದು ಈ ಗಾಡಿಗಳ ಮಾಮೂಲು ಕಾಯಿಲೆ, ಹೆದರಬೇಡಿ. ಖರ್ಚನ್ನು ಬೆಲೆಯಲ್ಲಿ ಕಳೆಯಿರಿ.

ಸಾಧನಕೇರಿ:
ಒಬಿಡಿ ಸ್ಕ್ಯಾನರ್ (ಗಾಡಿಯ ದೋಷದ ಕೋಡ್ ಓದುವ ಸಣ್ಣ ಸಾಧನ) ಮರೀಬೇಡಿ. ಇಪ್ಪತ್ತು ಮೂವತ್ತು ಡಾಲರಿಗೆ ಸಿಗುತ್ತೆ. ಕೋಡ್ ಇಲ್ಲ ಅಂತ ಖುಷಿ ಪಡೋದಲ್ಲ, ರೆಡಿನೆಸ್ ಮಾನಿಟರ್ (ಗಾಡಿ ತನ್ನ ಪರೀಕ್ಷೆ ತಾನೇ ಮುಗಿಸಿದೆಯಾ ಅಂತ ತೋರಿಸೋದು) ನೋಡಬೇಕು. "ನಾಟ್ ರೆಡಿ" ಅಂತ ಸುಮಾರು ಬಂದರೆ, ಯಾರೋ ಈಚೆಗೆ ಕೋಡ್ ಅಳಿಸಿದ್ದಾರೆ ಅಥವಾ ಬ್ಯಾಟರಿ ತೆಗೆದಿದ್ದಾರೆ ಅಂತ. ನಾನು ಒಂದು ಡೀಲರ್ ಹತ್ತಿರ ಹೀಗೇ ನೋಡಿದ್ದೆ. ದೀಪ ಆರಿತ್ತು, ಎಲ್ಲ ಮಾನಿಟರೂ ಖಾಲಿ. ಕೇಳಿದ್ದಕ್ಕೆ ಮಾರುವವರು ಮಾತನ್ನೇ ಬದಲಿಸಿದರು. ಕಿಟಕಿಗೆ ಅಂಟಿಸಿದ ಬೈಯರ್ಸ್ ಗೈಡ್‌ನಲ್ಲಿ "ಆಸ್ ಈಸ್" (ಇದ್ದ ಹಾಗೇ ಮಾರಾಟ) ಅಂತ ಗುರುತು ಹಾಕಿದ್ದರೆ, ಗೇಟು ದಾಟಿದ ಮೇಲೆ ಅವರ ಜವಾಬ್ದಾರಿ ಏನೂ ಇಲ್ಲ.

ಮಂಡ್ಯ_ಮೈಲೇಜ್:
ಇಷ್ಟೆಲ್ಲ ಪರೀಕ್ಷೆ ಮಾಡಬೇಕಾದ ಗಾಡಿ ಯಾಕೆ ಬೇಕು ಅಂತಲೇ ನನಗಿನ್ನೂ ಅನ್ನಿಸೋದು.

ಗ್ಯಾರೇಜ್_ಅಣ್ಣ:
ಸಿಯೆನ್ನಾಗೂ ಇದೇ ಪರೀಕ್ಷೆ ಮಾಡಬೇಕು ಸರ್. ಉಪ್ಪಿಗೆ ಕಂಪನಿ ಗೊತ್ತಾಗಲ್ಲ. ಒಳ್ಳೇ ಹೆಸರಿನ ಗಾಡಿಯನ್ನು ಜನ ನೋಡದೇ ತಗೊಳ್ತಾರೆ, ಅಪಾಯ ಇರೋದು ಅಲ್ಲೇ.

ಬೆಣ್ಣೆದೋಸೆ_ಲ್ಯಾನ್ಸಿಂಗ್:
ಸುದ್ದಿ ಹೇಳಬೇಕು. ಆ ಗಾಡಿ ನಾನು ಓಡಿಸಲಿಲ್ಲ, ಮಾರುವವರೇ ಮೆಕ್ಯಾನಿಕ್ ಹತ್ತಿರ ತಂದರು. ಲಿಫ್ಟ್ ಮೇಲೆ ಎತ್ತಿದರು. ಹಿಂದಿನ ಸಬ್‌ಫ್ರೇಮ್ ಮೇಲೆ ಬೆರಳು ಒತ್ತಿದಾಗ ತುಕ್ಕಿನ ಚಕ್ಕೆ ಕೆಳಗೆ ಉದುರಿತು. ಬ್ರೇಕ್ ಪೈಪ್ ಒಂದು ಕಡೆ ಒದ್ದೆಯಾಗಿತ್ತು. ಮೆಕ್ಯಾನಿಕ್ ಹೆಚ್ಚು ಮಾತಾಡಲಿಲ್ಲ. "ಇಂಜಿನ್ ಚೆನ್ನಾಗಿದೆ, ಗಾಡಿ ಹಿಡಿದಿರೋ ಚೌಕಟ್ಟು ಚೆನ್ನಾಗಿಲ್ಲ" ಅಂದರು. ಬಿಟ್ಟೆ. ಮಾರುವವರಿಗೆ ಏರ್‌ಬ್ಯಾಗ್ ವಿಷಯ ತೋರಿಸಿದೆ. ಅವರಿಗೆ ನಿಜವಾಗಲೂ ಗೊತ್ತಿರಲಿಲ್ಲ. ಅಲ್ಲೇ ಫೋನ್ ಮಾಡಿ ಡೀಲರ್ ಹತ್ತಿರ ದಿನ ಗೊತ್ತು ಮಾಡಿದರು.

ಈಗ ಟೆನೆಸ್ಸಿಯ ನಾಕ್ಸ್‌ವಿಲ್‌ನಲ್ಲಿ 2007ರದ್ದು ಸಿಕ್ಕಿದೆ. 3.5, ಹಿಂದಿನ ಚಕ್ರದ ಡ್ರೈವ್, 1,21,000 ಮೈಲಿ, 6,200 ಡಾಲರ್. ಏರ್‌ಬ್ಯಾಗ್ ರೀಕಾಲ್ ಮುಗಿದಿದೆ. ಬೆಲ್ಟ್, ಪಂಪ್ ಬದಲಿಸಿದ ಬಿಲ್ ಫೋಟೋ ಕಳಿಸಿದ್ದಾರೆ, 98,000 ಮೈಲಿಗೆ ಆಗಿದೆ. ಆಲ್ ವೀಲ್ ಡ್ರೈವ್ ಅಲ್ಲ ಅನ್ನೋದೊಂದೇ ಚಿಂತೆ. ಹಿಮದಲ್ಲಿ ಹೇಗೆ?

ಬಿಳಿಗಿರಿ:
ನಾಲ್ಕು ಒಳ್ಳೇ ವಿಂಟರ್ ಟೈರ್ ಹಾಕಿ. ಸವೆದ ಆಲ್ ಸೀಸನ್ ಟೈರಿನ ಆಲ್ ವೀಲ್ ಡ್ರೈವ್‌ಗಿಂತ ಅದು ಚೆನ್ನಾಗಿ ನಿಲ್ಲುತ್ತೆ, ಚೆನ್ನಾಗಿ ತಿರುಗುತ್ತೆ. ಆಲ್ ವೀಲ್ ಇಲ್ಲದಿದ್ದರೆ ಟ್ರಾನ್ಸ್‌ಫರ್ ಕೇಸ್, ಮುಂದಿನ ಡಿಫರೆನ್ಷಿಯಲ್ ಅಂತ ಕೆಡುವ ಸಾಮಾನೂ ಕಮ್ಮಿ.

ಸಾಧನಕೇರಿ:
ಟೈಟಲ್ (ಗಾಡಿಯ ಮಾಲೀಕತ್ವದ ಪತ್ರ) ನೋಡಿದಿರಾ? ಸ್ಯಾಲ್ವೇಜ್ (ಪೂರ್ತಿ ಜಖಂ ಆದದ್ದು), ರೀಬಿಲ್ಟ್ (ಅದನ್ನು ಮತ್ತೆ ಕಟ್ಟಿದ್ದು), ಫ್ಲಡ್ (ನೆರೆಗೆ ಸಿಕ್ಕಿದ್ದು) ಅಂತ ಏನಾದರೂ ಇದೆಯಾ? ಬಿಲ್ಲಿನಲ್ಲಿರುವ ವಿನ್ ನಂಬರ್ ಡ್ಯಾಶ್‌ಬೋರ್ಡ್ ಮೇಲಿನದಕ್ಕೆ ಹೊಂದುತ್ತಾ?

ಬೆಣ್ಣೆದೋಸೆ_ಲ್ಯಾನ್ಸಿಂಗ್:
ಟೈಟಲ್ ಕ್ಲೀನ್ ಇದೆ ಸರ್. ಬಿಲ್ಲಿನ ನಂಬರ್ ಹೊಂದುತ್ತೆ. ನಾಕ್ಸ್‌ವಿಲ್‌ನಲ್ಲೇ ಬೇರೆ ಗ್ಯಾರೇಜಿನವರಿಗೆ ದುಡ್ಡು ಕೊಟ್ಟು ಲಿಫ್ಟ್ ಮೇಲೆ ನೋಡಿಸಿದೆ. ತಳದ ಫೋಟೋ ಬಂದಿವೆ, ಬೋಲ್ಟುಗಳ ತಲೆ ಕೂಡ ಕಾಣುತ್ತೆ, ತುಕ್ಕಿಲ್ಲ. 13 ಪಿನ್ ಕನೆಕ್ಟರ್ ಹತ್ತಿರ ಸ್ವಲ್ಪ ಜಿಡ್ಡು ಇದೆಯಂತೆ. ಮುಂದೆ ಎಡಗಡೆ ಟೆನ್ಷನ್ ಸ್ಟ್ರಟ್‌ನ ರಬ್ಬರ್ ಬುಶ್ ಸೀಳಿದೆ. ಮಾನಿಟರ್ ಎಲ್ಲ ರೆಡಿ. ಇವೆರಡನ್ನು ತೋರಿಸಿದ ಮೇಲೆ 5,700ಕ್ಕೆ ಒಪ್ಪಿದ್ದಾರೆ. ಶನಿವಾರ ನಾನೂ ನನ್ನ ಹೆಂಡತಿಯೂ ಹೋಗಿ ತರೋದು ಅಂತ. ಅಲ್ಲಿಂದ ಲ್ಯಾನ್ಸಿಂಗ್‌ವರೆಗೆ ಓಡಿಸಿಕೊಂಡು ಬರಬಹುದಾ, ಅಲ್ಲೇ ಏನಾದರೂ ಮಾಡಿಸಬೇಕಾ?

ಗ್ಯಾರೇಜ್_ಅಣ್ಣ:
ಒಳ್ಳೇ ಗಾಡಿ ಸಿಕ್ಕಿದೆ, ತಗೊಳ್ಳಿ. ಬುಶ್ ಸೀಳಿದ್ದಕ್ಕೆ ಬ್ರೇಕ್ ಹಾಕಿದಾಗ ಒಂದು ಕಡೆ ಎಳೆಯುತ್ತಾ ನೋಡಿ. ಎಳೆದರೆ ಅಲ್ಲೇ ಹಾಕಿಸಿ, ಇಲ್ಲದಿದ್ದರೆ ನಿಧಾನಕ್ಕೆ ಬನ್ನಿ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಯ ದಿನಾಂಕ ಇರುತ್ತೆ, ಮೊದಲ ಎರಡು ವಾರ, ಕೊನೆಯ ಎರಡು ವರ್ಷ. ಹತ್ತು ವರ್ಷದ ಟೈರಾದರೆ ಹೈವೇಗೆ ಬೇಡ, ನಾಕ್ಸ್‌ವಿಲ್‌ನಲ್ಲೇ ಬದಲಿಸಿ. ದಾರಿಯಲ್ಲಿ ಪೆಟ್ರೋಲ್ ಹಾಕಿಸುವಾಗಲೆಲ್ಲ ಟೆಂಪರೇಚರ್ ಮುಳ್ಳು ನೋಡಿ, ಕೂಲಂಟ್ ಟ್ಯಾಂಕ್ ಮಟ್ಟ ನೋಡಿ. ಬಿಸಿ ಇದ್ದಾಗ ಮುಚ್ಚಳ ಮಾತ್ರ ತೆಗೀಬೇಡಿ.

ಊರಿಗೆ ಬಂದ ಮೇಲೆ ಮೊದಲ ಕೆಲಸ ಆ ಕನೆಕ್ಟರ್ ಪ್ಲಗ್. ಅದರ ಜೊತೆಗೇ ಗೇರ್‌ಬಾಕ್ಸ್ ಆಯಿಲ್, ಫಿಲ್ಟರ್. ಎಟಿಎಫ್+4 ಅನ್ನೋ ಆಯಿಲೇ ಹಾಕಬೇಕು, ಅಂಗಡಿಯವರು "ಎಲ್ಲದಕ್ಕೂ ಆಗುತ್ತೆ" ಅಂದದ್ದು ಬೇಡ. ಇಂಜಿನ್ ಆಯಿಲ್ ಕೂಡ ಅವತ್ತೇ ಬದಲಿಸಿ, ತಾರೀಖು ಮತ್ತು ಮೈಲಿ ಬರೆದಿಡಿ. ಚಳಿಗಾಲಕ್ಕೆ ಮೊದಲು ತಳಕ್ಕೆ ಎಣ್ಣೆ ಸಿಂಪಡಿಸುವವರ ಹತ್ತಿರ ಒಯ್ಯಿರಿ. ತುಕ್ಕಿಲ್ಲದ ಗಾಡಿ ತಂದಿದ್ದೀರಿ, ಅಕ್ಟೋಬರ್‌ನಲ್ಲೇ ಮಾಡಿಸಿ.